ಹೋಗಬ್ಯಾಡ ಅಂದಿದ್ದೇನು

ಆಳಂದ
9 ಜುಲೈ 2024

ಸೂರ್ಯಕಾಂತ ಕಾಕಾ ಅವರಿಗೆ ಶಾಹೀನಳ ಆದಾಬ್.

ನನ್ನ ನೆನಪು ನಿಮಗಿದೆಯೋ ಇಲ್ಲವೋ. ಮಾರ್ಚ್‌ನಲ್ಲಿ ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಶಿಬಿರ ನಿಮ್ಮ ಮಣ್ಣೂರಿನಲ್ಲಿ ನಡೆದಾಗ, ಕೊನೆಯ ದಿನ ನೀವು ಹಾರ್ಮೋನಿಯಂ ಪೇಟಿ ಬಾರಿಸುತ್ತ ಎರಡು ಹಾಡು ಹೇಳಿದಿರಿ. ಮುಂದಿನ ಸಾಲಿನಲ್ಲಿ ಕೂತು ಮೂರನೆಯದಕ್ಕೂ ಪೀಡಿಸಿದ ಕನ್ನಡದ ಮೇಡಂ ನಾನೇ. ಹೊರಡುವಾಗ ಫೋನ್ ನಂಬರು ಕೇಳಿದೆ. ನೀವು, "ಮೂವತ್ತ ವರ್ಷ ಈ ಊರಾಗ ಟಪಾಲ ಹಂಚೇನಿ ತಂಗಿ, ನನಗಂತ ಒಬ್ಬರೂ ಬರೀಲಿಲ್ಲ. ಏನರ ಹೇಳೂದಿದ್ರ ಪತ್ರ ಬರಿ" ಅಂದಿರಿ. ಆಗ ನಕ್ಕು ಬಸ್ಸು ಹತ್ತಿದೆ. ಈಗ ಬರೆಯುತ್ತಿದ್ದೇನೆ. ಹೇಳುವಂಥ ಸಂಗತಿಯೊಂದು ಸಿಕ್ಕಿದೆ, ಅದನ್ನು ಹೇಳುವವರೆಗೆ ನನಗೆ ಊಟ ಸೇರುವಂತಿಲ್ಲ.

ನನ್ನ ಚಿಕ್ಕಪ್ಪನ ಮಗ ಬಿಲಾಲ ಸರಕು ಹಡಗಿನಲ್ಲಿ ಅಡುಗೆಯವನು. ಈ ಸಲ ಅವನ ಹಡಗು ಕೆಟ್ಟು ಅರ್ಜೆಂಟೀನಾ ದೇಶದ ಬ್ಯೂನಸ್ ಐರಿಸ್ ಬಂದರಿನಲ್ಲಿ ಹದಿನೆಂಟು ದಿನ ನಿಂತಿತಂತೆ. ಬಂದರಿನ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಅಂಗಡಿ, ಅಲ್ಲಿ ದಿನಾ ಸಂಜೆ ಹಾಡು. ಟ್ಯಾಂಗೋ. ನಾನು ಅದನ್ನು ಬರೀ ಕುಣಿತ ಎಂದುಕೊಂಡಿದ್ದೆ. ಬಿಲಾಲ, "ಕುಣಿತಾನೂ ಅದ ಆಪಾ. ಆದ್ರ ಅಲ್ಲಿ ದೊಡ್ಡ ದೊಡ್ಡ ಮೀಸಿ ಗಂಡಸರು ಮಂದಿ ಮುಂದ ನಿಂತು ಅಳ್ತಾರ. ಕೇಳವ್ರು ಚಪ್ಪಾಳಿ ಹೊಡೀತಾರ" ಅಂದ. ತೊಂಬತ್ತು ಹಾಡು ತುಂಬಿದ ಒಂದು ಮೆಮೊರಿ ಕಾರ್ಡು, ಹಾಡುಗಳ ಅರ್ಥ ಇಂಗ್ಲಿಷಿನಲ್ಲಿ ಬರೆದ ಒಂದು ತೆಳ್ಳನೆಯ ಪುಸ್ತಕ ತಂದುಕೊಟ್ಟ.

ಕಾಕಾ, ನಾನು ಒಂದು ವಾರದಿಂದ ಬೇರೆ ಏನನ್ನೂ ಓದಿಲ್ಲ. ಎಲ್ಲ ಹಾಡಿನಲ್ಲಿಯೂ ಯಾರೋ ಯಾರನ್ನೋ ಬಿಟ್ಟು ಹೋಗಿದ್ದಾರೆ. ನಂಬಿದ್ದೆಲ್ಲ ಸುಳ್ಳಾಗಿದೆ. ಆದರೂ ಹಾಡು ನೆಲಕ್ಕೆ ಬೀಳುವುದಿಲ್ಲ, ಎದೆ ಸೆಟೆಸಿ ನಡೆಯುತ್ತದೆ. ಮುರಿದುಹೋದ ಮನುಷ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೀದಿಗೆ ಬಂದ ಹಾಗೆ.

ಒಂದನ್ನು ಕನ್ನಡಕ್ಕೆ ತಂದಿದ್ದೇನೆ. ಇದರ ಜೊತೆಗಿದೆ. ಕಾರ್ಡಿನ ಒಂದು ಪ್ರತಿಯನ್ನೂ ರಟ್ಟಿನಲ್ಲಿ ಸುತ್ತಿ ಇಟ್ಟಿದ್ದೇನೆ. ನೀವು ಕೇಳಿ, ಇದು ನಮ್ಮ ಪೇಟಿಗೆ ಕೂರುತ್ತದೋ ಇಲ್ಲವೋ ಹೇಳಬೇಕು. ಬೇಗ ಹೇಳಬೇಕು.

ನಿಮ್ಮ
ಶಾಹೀನ

*

ಮಣ್ಣೂರ
20 ಜುಲೈ 2024

ಚಿರಂಜೀವಿ ಶಾಹೀನಳಿಗೆ ಶರಣು.

ನಿನ್ನ ಲಕೋಟೆಯನ್ನು ಹೊಸ ಪೋಸ್ಟ್‌ಮನ್ ನನ್ನ ಕೈಗೇ ಕೊಟ್ಟು, ಸಹಿ ಬೇಕಿಲ್ಲದಿದ್ದರೂ ನಿಂತುಕೊಂಡ. ಒಳಗೇನಿದೆ ನೋಡುವ ಆಸೆ ಅವನಿಗೆ. ನಾನೂ ಆ ಕೆಲಸ ಮಾಡಿದವನೇ, ಬೈಯಲಿಲ್ಲ.

ಕಾರ್ಡನ್ನು ರೇಡಿಯೊಗೆ ಹಾಕಿ ಮೂರು ದಿನ ಕೇಳಿದೆ. ನನ್ನ ಹೆಂಡತಿ ಸುಭದ್ರಾಬಾಯಿ, "ಯಾರರ ಸತ್ತಾರೇನು?" ಎಂದು ಕೇಳಿದಳು. ಅಲ್ಲಿ ಬಾರಿಸುವ ಪೆಟ್ಟಿಗೆ ನಮ್ಮ ಪೇಟಿಯ ದಾಯಾದಿಯೇ, ಗಾಳಿಯಿಂದ ಉಸಿರಾಡುತ್ತದೆ. ತಾಳ ನಾಲ್ಕು ಮಾತ್ರೆ. ನಮ್ಮ ಕೆಹರವಾ ತಾಳಕ್ಕೆ ಕೂಡಿಸಲು ನೋಡಿದೆ, ಒಪ್ಪಲಿಲ್ಲ. ನಾಲ್ಕನೆಯದಕ್ಕೆ ಅದು ತಡೆಯುತ್ತದೆ, ಬಾಗಿಲವರೆಗೆ ಬಂದವನು ಒಳಗೆ ಹೋಗಲೋ ಬೇಡವೋ ಎಂದು ನಿಂತ ಹಾಗೆ. ಆ ತಡೆಯುವುದು ಕೈಗೆ ಬಂದ ದಿನ ನಾನು ಅರವತ್ತಾರು ವರ್ಷದವನು ಎಂಬುದು ಮರೆತುಹೋಯಿತು.

ಆದರೆ ನಿನ್ನ ಕನ್ನಡ ಸರಿಯಿಲ್ಲ. "ನೀನಿಲ್ಲದ ಬಾಳು ಕತ್ತಲೆಯ ಕೂಪ" ಎಂದು ಬರೆದಿದ್ದೀಯ. ಬಾಳು, ಕೂಪ, ಇವು ಆಳಂದದ ಯಾವ ಓಣಿಯಲ್ಲಿ ಸಿಗುತ್ತವೆ? ಬಿಟ್ಟು ಹೋದಾಗ ಮನುಷ್ಯ ಹಾಗೆ ಮಾತಾಡುವುದಿಲ್ಲ. ಏನು ಮಾಡುತ್ತಾನೆ, ಅದನ್ನು ಬರೆ.

ನಾನು ಯೌವನದಲ್ಲಿ ಭೀಮಾ ಸೀಮೆಯ ಊರುಗಳಲ್ಲಿ ಆರ್ಕೆಸ್ಟ್ರಾ ಕಟ್ಟಿಕೊಂಡು ತಿರುಗಿದವನು. ಅಫಜಲಪುರ, ಜೇವರ್ಗಿ, ನಿಮ್ಮ ಆಳಂದ, ಎಲ್ಲ ಕಡೆ ಹಾಡಿದ್ದೇನೆ. ಜೋಡಿಗೆ ಒಬ್ಬ ಹುಡುಗಿ ಇದ್ದಳು. ಈಗ ಆ ಮಾತು ಬೇಡ.

ಸೂರ್ಯಕಾಂತ

*

ಆಳಂದ
4 ಆಗಸ್ಟ್ 2024

ಕಾಕಾ,

ನಿಮ್ಮ ಬೈಗುಳ ಓದಿ ಮೊದಲು ಸಿಟ್ಟು ಬಂತು. ಆಮೇಲೆ ಮನೆಯ ಹಿಂದೆ ಹೋಗಿ, ನಿಜವಾಗಿ ಏನು ಮಾಡುತ್ತಾರೆ ಎಂದು ಯೋಚಿಸುತ್ತ ನಿಂತೆ. ಎರಡೇ ಸಾಲು ಬಂದವು, ಆದರೆ ಬಂದಾಗ ನಾನು ಓಡುತ್ತ ಒಳಗೆ ಬಂದೆ.

ನೀ ಹೋದಮ್ಯಾಗೂ ಗಿಡಕ್ಕ ನೀರ ಹಾಕತೇನಿ,
ಹೂವ ಬಿಟ್ಟರ ಯಾರಿಗಿ ಕೊಡ್ಲಿ ಅಂತ ಗಿಡಕ್ಕ ಬೈತೇನಿ.

ಕೂರುತ್ತದೆಯೇ? ಕೂರುತ್ತದೆ ಅನ್ನಿ. ನಾಲ್ಕನೆಯ ಮಾತ್ರೆಯಲ್ಲಿ "ಬೈತೇನಿ" ತಡೆಯುತ್ತದೆ ನೋಡಿ. ನಿನ್ನೆ ತರಗತಿಯಲ್ಲಿ ಹಳಗನ್ನಡ ಪಾಠ ಮಾಡುವಾಗಲೂ ನನ್ನ ಕಾಲು ಮೇಜಿನ ಕೆಳಗೆ ಅದೇ ತಾಳ ಹಾಕುತ್ತಿತ್ತು. ಈಗ ಐದು ಹಾಡು ಮುಗಿದಿವೆ. ಒಂದರಲ್ಲಿ ಓಣಿಯ ಹುಡುಗಿಯೊಬ್ಬಳು ರೇಶ್ಮೆ ಅಂಗಿಯ ಆಸೆಗೆ ದೀಪದ ಬೀದಿಗೆ ಹೋಗುತ್ತಾಳೆ, ಅವಳ ಗೆಳೆಯ ಶಾಪ ಹಾಕುತ್ತ ಕಾಯುತ್ತಾನೆ.

ಒಂದು ಅನುಮಾನ. ಈ ಹಾಡುಗಳಲ್ಲಿ ಹೋಗುವವಳು ಯಾವಾಗಲೂ ಹೆಣ್ಣು. ಗಂಡು ಹೋದರೆ ಹೇಗೆ ಹಾಡುತ್ತಾರೆ? ಸುಮ್ಮನೆ ಕೇಳಿದೆ, ಭಾಷಾಂತರದ ಸಲುವಾಗಿ.

ನಿಮ್ಮ ಜೋಡಿ ಹಾಡುತ್ತಿದ್ದ ಹುಡುಗಿಯ ಹೆಸರು ಹೇಳಲಿಲ್ಲ.

ಶಾಹೀನ

*

ಮಣ್ಣೂರ
19 ಆಗಸ್ಟ್ 2024

ಶಾಹೀನ,

ಕೂರುತ್ತದೆ. ಬಾರಿಸಿ ಮುಗಿಸಿ, ಮತ್ತೆ ಮೊದಲಿನಿಂದ ಬಾರಿಸಿದೆ.

ಹೆಸರು ಜಸ್ಮೀನ. ಮೂರು ವರ್ಷ ಜೋಡಿ ಹಾಡಿದೆವು. ಅವಳ ದನಿ ನನ್ನ ದನಿಯ ಪಕ್ಕ ಬಂದು ಕೂತರೆ, ಜೇವರ್ಗಿಯ ಹತ್ತಿ ಮಾರುವವರು ಗಾಡಿ ನಿಲ್ಲಿಸಿ ಕೇಳುತ್ತಿದ್ದರು. ಅವಳು ನನ್ನವಳು ಎಂದು ನಾನು ತಿಳಿದಿದ್ದೆ. ಅವಳೂ ಹಾಗೇ ತಿಳಿದಿದ್ದಾಳೆ ಎಂದು ತಿಳಿದಿದ್ದೆ. 1991ರಲ್ಲಿ ಸೊಲ್ಲಾಪುರದ ಅರಿವೆ ವ್ಯಾಪಾರಿಯೊಬ್ಬ ಬಂದ, ಬಂಗಲೆ ತೋರಿಸಿದ, ಅವಳು ಹೋದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ಆರ್ಕೆಸ್ಟ್ರಾ ಅಲ್ಲಿಗೆ ಮುಗಿಯಿತು. ನಾನು ಟಪಾಲಿನ ಚೀಲ ಹೆಗಲಿಗೆ ಹಾಕಿದೆ.

ನಿನ್ನ ರೇಶ್ಮೆ ಅಂಗಿಯ ಹಾಡು ಕೇಳಿ, ಅಷ್ಟು ದೂರದ ಮನುಷ್ಯನಿಗೆ ನನ್ನ ಸಂಗತಿ ಯಾರು ಹೇಳಿದರು ಎಂದುಕೊಂಡೆ. ಊರಿಗೆಲ್ಲ ಗೊತ್ತಿರುವ ಮಾತೇ ಇದು, ಮುಚ್ಚಿಡುವಂಥದ್ದಲ್ಲ.

ನೀನು "ಸುಮ್ಮನೆ ಕೇಳಿದೆ" ಅಂದಲ್ಲಿ ಪೆನ್ನು ಒತ್ತಿ ಬರೆದಿದ್ದೀಯ. ನಾನು ಕೇಳುವುದಿಲ್ಲ. ಬರೆ, ಅಷ್ಟೇ.

ಸೂರ್ಯಕಾಂತ

*

ಆಳಂದ
30 ಸೆಪ್ಟೆಂಬರ್ 2024

ಕಾಕಾ,

ಇದನ್ನು ನಿಮಗೆ ಕೇಳಿ ಮಾಡಬೇಕಿತ್ತು. ಕೇಳಿದ್ದರೆ ನೀವು ಬೇಡ ಅನ್ನುತ್ತಿದ್ದಿರಿ. ಅದಕ್ಕೇ ಕೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ನನ್ನ ಸೋದರತ್ತೆ, ಚಮನಬಿ ಫುಫಿ, ಜೇವರ್ಗಿಯಲ್ಲಿದ್ದಾಳೆ. ರಜೆಗೆ ಹೋದಾಗ, "ಹಿಂದ ಆರ್ಕೆಸ್ಟ್ರಾದಾಗ ಹಾಡ್ತಿದ್ದ ಜಸ್ಮೀನ ಅಂತ ಯಾರರ ಗೊತ್ತೇನು?" ಎಂದು ಕೇಳಿದೆ. ಅವಳು ನಕ್ಕು, "ಹೊಲಿಗಿ ಕ್ಲಾಸಿನ ಜಸ್ಮೀನಬಾಜಿ ಅಲ್ಲೇನು? ಎರಡ ಓಣಿ ಆಚೆ ಅದಾಳ" ಅಂದಳು. ಸೊಲ್ಲಾಪುರದಲ್ಲಿ ಅಲ್ಲ ಕಾಕಾ. ಜೇವರ್ಗಿಯಲ್ಲಿ, ಎರಡು ಓಣಿ ಆಚೆ.

ನನ್ನ ಕಾಲು ನಿಲ್ಲಲಿಲ್ಲ. ಹೋದೆ. ಹತ್ತು ಹೊಲಿಗೆ ಯಂತ್ರ ಗಡಗಡ ಅನ್ನುತ್ತಿದ್ದವು. ನಡುವೆ ಕನ್ನಡಕ ಮೂಗಿನ ತುದಿಗೆ ಇಟ್ಟುಕೊಂಡು ಒಬ್ಬರು ಕತ್ತರಿ ಹಿಡಿದು ನಿಂತಿದ್ದರು. ನಿಮ್ಮ ಹೆಸರು ಹೇಳಿದೆ. ಕತ್ತರಿ ನಿಂತಿತು. "ಇನ್ನೂ ಹಾಡ್ತಾರೇನು?" ಎಂದು ಮೊದಲು ಕೇಳಿದರು. ಫೋನಿನಲ್ಲಿದ್ದ ಟ್ಯಾಂಗೋ ಹಾಕಿದೆ. ಯಂತ್ರಗಳೆಲ್ಲ ಒಂದೊಂದಾಗಿ ನಿಂತವು. ನನ್ನ ಕನ್ನಡದ ಸಾಲುಗಳನ್ನು ಕೊಟ್ಟೆ. ಅವರು ಓದಿ, ನನ್ನ ಮುಖ ನೋಡಿ, "ನಿನ್ನ ಯಾರು ಬಿಟ್ಟಾರ ಬೇಟಿ?" ಅಂದರು.

ಯಾರಿಗೂ ಹೇಳಿರಲಿಲ್ಲ. ಅವರಿಗೆ ಹೇಳಿದೆ, ಈಗ ನಿಮಗೂ ಹೇಳುತ್ತೇನೆ. ಹಫೀಜ ಎಂದು, ಕಿಣ್ಣಿ ಸುಲ್ತಾನ ಊರಿನವನು, ನಮ್ಮ ಕಾಲೇಜಿನಲ್ಲೇ ಇತಿಹಾಸ ಪಾಠ ಮಾಡುತ್ತಿದ್ದ. ನಾಲ್ಕು ವರ್ಷ ಇಬ್ಬರ ಮನೆಗೂ ಗೊತ್ತಿದ್ದು ನಡೆದ ಮಾತು. ಜೂನ್‌ನಲ್ಲಿ ಫೋನ್ ಎತ್ತುವುದನ್ನು ನಿಲ್ಲಿಸಿದ. ಅವನ ಮದುವೆ ಬೇರೆ ಕಡೆ ಗಟ್ಟಿ ಮಾಡಿದರು ಎಂದು ಬೇರೆಯವರಿಂದ ತಿಳಿಯಿತು. ಅವನು ಕಲಬುರಗಿಯ ಕಾಲೇಜಿಗೆ ಹೋದ. ಅಷ್ಟೇ ಕಥೆ.

ಜಸ್ಮೀನ ಖಾಲಾ ರೇಶ್ಮೆ ಅಂಗಿಯ ಹಾಡನ್ನು ಎರಡು ಸಲ ಕೇಳಿದರು. ನೀವು ನನಗೆ ಬರೆದದ್ದನ್ನೂ ಕೇಳಿದರು, ನಾನು ಹೇಳಿಬಿಟ್ಟೆ. ನಿಮ್ಮ ವಿಳಾಸ ಮಾತ್ರ ಬರೆದುಕೊಂಡರು.

ಶಾಹೀನ

*

ಮಣ್ಣೂರ
8 ಅಕ್ಟೋಬರ್ 2024

ಶಾಹೀನ,

ನಾನು ನಿನಗೆ ಬರೆದದ್ದು ನಿನಗೆ ಬರೆದದ್ದು. ಮೂವತ್ತು ವರ್ಷದಲ್ಲಿ ಒಬ್ಬರ ಪತ್ರವನ್ನು ಇನ್ನೊಬ್ಬರ ಮನೆಗೆ ನಾನು ಹಾಕಿದವನಲ್ಲ.

ನಿನ್ನ ಹಾಡಿನ ಕಾರ್ಡನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ.

ಸೂರ್ಯಕಾಂತ

*

ಜೇವರ್ಗಿ
11 ನವೆಂಬರ್ 2024

ಸೂರ್ಯಕಾಂತ ಅವರಿಗೆ ಜಸ್ಮೀನಳ ಸಲಾಂ.

ಆ ಹುಡುಗಿಯ ಮೇಲೆ ಸಿಟ್ಟಾಗಿದ್ದೀರಂತೆ. ಅವಳು ಮೂರು ಪತ್ರ ಬರೆದಳಂತೆ, ನೀವು ಉತ್ತರ ಕೊಟ್ಟಿಲ್ಲ. ಸಿಟ್ಟಾಗುವುದಿದ್ದರೆ ನನ್ನ ಮೇಲೆ ಆಗಿರಿ. ಬರೆಯಲು ಆರು ವಾರ ಬೇಕಾಯಿತು, ಏಕೆಂದರೆ ಬರೆದದ್ದನ್ನೆಲ್ಲ ಹರಿದೆ.

ಸೊಲ್ಲಾಪುರದ ಅರಿವೆ ವ್ಯಾಪಾರಿ ಯಾರು? ನನಗೆ ಗೊತ್ತಿಲ್ಲ. ನನ್ನ ಗಂಡ ಮಸೂದ ಆಗ ಟೆಂಪೋ ಓಡಿಸುತ್ತಿದ್ದರು, ಈಗ ಮೈಕ್ ಸೆಟ್ಟು ಬಾಡಿಗೆಗೆ ಕೊಡುತ್ತಾರೆ. ಬಂಗಲೆ ಅಂದರೆ ಒಂದು ಖೋಲಿ, ಮೇಲೆ ತಗಡು. ಯಾರೋ ಏನೋ ಹೇಳಿರಬೇಕು, ನೀವು ನಂಬಿದಿರಿ. ನಂಬಲು ಅದು ಚಲೋ ಇತ್ತು. ಬಡ ಹಾಡುಗಾರನನ್ನು ಬಿಟ್ಟು ಬಂಗಲೆಗೆ ಹೋದವಳು. ಮಂದಿಗೆ ಅರ್ಥವಾಗುತ್ತದೆ, ಹಾಡಿಗೂ ಬರುತ್ತದೆ.

ಸ್ಟೇಜಿನ ಮೇಲೆ ನೀವು ನನಗೆ ಹೇಳದ ಮಾತಿಲ್ಲ. ನೀನೇ ಉಸಿರು, ನೀನೇ ಚಂದ್ರ. ಕೆಳಗಿಳಿದು ಜೀಪು ಹತ್ತಿದರೆ, "ಹಿಂದ ಸರಕೊಂಡು ಕೂಡು, ಪೇಟಿ ಇಡಬೇಕು." ಮೂರು ವರ್ಷ ನಾನು ಕಾಯ್ದೆ. ನಿಮ್ಮ ಜಾತಿ ಬೇರೆ, ನಮ್ಮ ಜಾತಿ ಬೇರೆ, ಸುಲಭ ಅಲ್ಲ ಎಂಬುದು ನನಗೆ ಗೊತ್ತಿತ್ತು. ಸುಲಭ ಮಾಡಿರಿ ಎಂದು ಕಾಯಲಿಲ್ಲ. ಮದುವೆಯಾಗುತ್ತೀಯಾ ಅಂತ ಒಮ್ಮೆ ಕೇಳುತ್ತೀರಿ ಎಂದು ಕಾಯ್ದೆ. ನನ್ನ ನಿಕಾಹ್ ಗೊತ್ತಾದ ದಿನ ಅಪ್ಪನಿಗೆ ಸುಳ್ಳು ಹೇಳಿ ಅಫಜಲಪುರ ಬಸ್‌ಸ್ಟ್ಯಾಂಡಿಗೆ ಬಂದು ನಿಮಗೆ ತಿಳಿಸಿದೆ. ನೀವು ಅಂದದ್ದು ನೆನಪಿದೆಯೇ? ನನಗಿದೆ. "ಹಂಗಾದ್ರ ಶನಿವಾರದ ಪ್ರೋಗ್ರಾಂಗ ಯಾರು ಹಾಡ್ತಾರ?"

ನಾನೂ ಕೇಳಲಿಲ್ಲ. ಅದು ನನ್ನ ಪಾಲಿನ ತಪ್ಪು. ಇಪ್ಪತ್ತೈದು ವರ್ಷದ ಹುಡುಗಿಗೆ ಬಾಯಿತ್ತು, ತೆರೆಯಲಿಲ್ಲ.

ಇದನ್ನು ಅಳುತ್ತ ಬರೆಯುತ್ತಿಲ್ಲ. ಮಸೂದ ನನ್ನನ್ನು ನೋಡಲು ಬಂದ ದಿನ ಎಲ್ಲರ ಎದುರಿಗೆ, "ನೀವು ಹಾಡ್ತೀರಂತ. ನಮ್ಮ ಮನ್ಯಾಗ ಹಾಡ್ತೀರೇನು?" ಎಂದು ಕೇಳಿದರು. ನಾನು ಇಷ್ಟು ವರ್ಷ ಹೊಲಿಗೆಯ ಜೊತೆ ಹಾಡುತ್ತಲೇ ಇದ್ದೇನೆ. ಆ ಟ್ಯಾಂಗೋ ಕೇಳಿದ ಮೇಲೆ ಮಾತ್ರ ಒಂದು ಖಯಾಲಿ ಹತ್ತಿದೆ. ಆ ಹಾಡುಗಳಲ್ಲಿ ಹೋದವಳು ಎಲ್ಲೂ ಉತ್ತರ ಕೊಡುವುದಿಲ್ಲ. ನಾನು ಕೊಟ್ಟಿದ್ದೇನೆ, ಶಾಹೀನ ತಿದ್ದಿದ್ದಾಳೆ.

ಬಿಟ್ಟ ಹೋದಾಳಂತ ಊರ ತುಂಬ ಹಾಡಿದಿ,
ಹೋಗಬ್ಯಾಡ ಅಂತ ಒಮ್ಮ್ಯಾರ ಅಂದಿದ್ದೇನು?

ಫೆಬ್ರುವರಿ ಒಂಬತ್ತಕ್ಕೆ ನನ್ನ ಹೊಲಿಗೆ ಕ್ಲಾಸಿಗೆ ಹತ್ತು ವರ್ಷ. ಹಾಲ್ ಹಿಡಿದಿದ್ದೇವೆ. ಮಸೂದರ ಮೈಕು. ನೀವು ಪೇಟಿ ತಂದು ನಿಮ್ಮ ಹಾಡು ಹಾಡಿರಿ, ನಾನು ನನ್ನದು ಹಾಡುತ್ತೇನೆ. ಬರದಿದ್ದರೂ ಹಾಡುತ್ತೇನೆ.

ಜಸ್ಮೀನ

*

ಮಣ್ಣೂರ
2 ಡಿಸೆಂಬರ್ 2024

ಜಸ್ಮೀನ ಅವರಿಗೆ ಶರಣು.

ನಿಮ್ಮ ಪತ್ರವನ್ನು ಮೊದಲು ಹೊಳೆಯ ದಂಡೆಯಲ್ಲಿ ಓದಿದೆ. ಓದಿ, ಸುಳ್ಳು ಎಂದುಕೊಂಡೆ. ಮರುದಿನ ಓದಿದಾಗ ಆ ಬಸ್‌ಸ್ಟ್ಯಾಂಡು ಕಣ್ಣಿಗೆ ಬಂತು. ನಿಮ್ಮ ಕೈಯಲ್ಲಿ ಕಾಲು ಕಿಲೋ ಪೇರಲ ಹಣ್ಣಿನ ಪುಡಿಕೆ ಇತ್ತು, ನನಗೆ ಕೊಡಲು ತಂದದ್ದು. ಮೂರನೆಯ ದಿನ ನನ್ನ ದನಿಯೇ ನನಗೆ ಕೇಳಿಸಿತು. ಹೌದು, ಶನಿವಾರದ ಮಾತೇ ಕೇಳಿದ್ದೆ.

ಮನೆಯಲ್ಲಿ ಸುಭದ್ರಾಬಾಯಿ ರೊಟ್ಟಿ ತಟ್ಟುತ್ತಿದ್ದಳು. "ವಾರಾತು, ಒಂದ ಕಾಗದ ಹಿಡಕೊಂಡು ತಿರಗಾಕತ್ತೀರಿ. ಯಾರದು?" ಅಂದಳು. ಹೇಳಿದೆ. "ಓದ್ರಿ" ಅಂದಳು. ಎಲ್ಲ ಓದಿದೆ. ಶನಿವಾರದ ಮಾತು ಬಂದಾಗ ಅವಳು ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ನನ್ನ ನೋಡಾಕ ಬಂದಾಗೂ ಹಂಗ ಇದ್ರಿ. ರೊಟ್ಟಿ ತೆಳ್ಳಗ ಬಡೀತಾಳೇನು ಅಂತ ನಮ್ಮವ್ವಗ ಕೇಳಿದ್ರಿ. ನನ್ನ ಹೆಸರ ಕೇಳಲಿಲ್ಲ."

ಆಮೇಲೆ ನಗು ನಿಂತಿತು. ರೊಟ್ಟಿ ಹಂಚಿಗೆ ಹಾಕಿ, ಬೆನ್ನು ನನ್ನ ಕಡೆ ಇಟ್ಟುಕೊಂಡೇ ಹೇಳಿದಳು. "ಮೂವತ್ತೆರಡ ವರ್ಷ ಆಕಿ ಮ್ಯಾಲಿನ ಹಾಡ ಕೇಳೇನಿ. ಕೇಳಿದ ಮಂದೆಲ್ಲ ನಿಮಗ ಪಾಪ ಅಂತಿದ್ರು. ಅದೇ ಮನ್ಯಾಗ ನಾನೂ ಇದ್ದೆ. ನನಗ ಯಾರೂ ಅನಲಿಲ್ಲ."

ಜಸ್ಮೀನ ಅವರೇ, ನನಗೆ ಅನ್ಯಾಯವಾಗಿದೆ ಎಂಬುದನ್ನು ನಾನು ಇಷ್ಟು ವರ್ಷ ಜೋಪಾನ ಮಾಡಿದೆ. ಅದು ಹೋದರೆ ಏನು ಉಳಿಯುತ್ತದೆ ಎಂಬ ಹೆದರಿಕೆ ಇತ್ತು. ಹೋಯಿತು. ಹೋದ ಮೇಲೆ ಎಂದಿಗಿಂತ ಹೆಚ್ಚು ಊಟ ಮಾಡಿದೆ. ನಿಮ್ಮ ಎರಡು ಸಾಲಿಗೆ ರಾಗ ಕೂಡಿಸಿದ್ದೇನೆ, ಎರಡು ದಿನದಿಂದ ಪೇಟಿ ಬಿಟ್ಟು ಎದ್ದಿಲ್ಲ.

ಶನಿವಾರದ ಮಾತಿಗೆ ತಪ್ಪಾಯಿತು ಎನ್ನುತ್ತೇನೆ. ಮೂವತ್ತಮೂರು ವರ್ಷ ತಡವಾಗಿ ತಲುಪುವ ಟಪಾಲು ಇದು.

ಬರುತ್ತೇವೆ. ಇಬ್ಬರೂ.

ಸೂರ್ಯಕಾಂತ

(ಶಾಹೀನಳಿಗೆ ಬೇರೆ ಬರೆದು, ಕಾರ್ಡು ವಾಪಸು ಕಳಿಸು ಎಂದು ಕೇಳಿದ್ದೇನೆ.)

*

ಆಳಂದ
2 ಫೆಬ್ರುವರಿ 2025

ಕಾಕಾ,

ಎಲ್ಲ ತಯಾರಿದೆ. ಏಳು ಹಾಡು, ಎರಡು ಪ್ರತಿ, ದಪ್ಪ ಅಕ್ಷರದಲ್ಲಿ. ನೀವು ಕಳೆದ ತಿಂಗಳು ಫೋನಿನಲ್ಲಿ ಒಮ್ಮೆಯಾದರೂ ಮಾತಾಡಿದಿರಲ್ಲ, ಆ ಸಂತೋಷಕ್ಕೆ ನಾನು ಬಸ್‌ಸ್ಟ್ಯಾಂಡಿನಿಂದ ಮನೆವರೆಗೆ ಹಾಡುತ್ತ ಬಂದೆ. ಮಂದಿ ತಿರುಗಿ ನೋಡಿದರು.

ಆದರೆ ನಾನು ಜೇವರ್ಗಿಗೆ ಬರುವುದಿಲ್ಲ. ಒಂಬತ್ತನೆಯ ತಾರೀಖಿಗೇ ಹಫೀಜನ ಮನೆಯವರು ನಮ್ಮ ಮನೆಗೆ ಬರುತ್ತಾರೆ. ಬೇರೆ ಕಡೆ ಗಟ್ಟಿ ಮಾಡಿದ್ದ ಆ ಸಂಬಂಧ ಮುರಿಯಿತಂತೆ. ಮೊದಲಿನ ಹಾಗೆ ಮಾಡೋಣ ಎನ್ನುತ್ತಿದ್ದಾರೆ. ಅಮ್ಮಿ ಎರಡು ದಿನದಿಂದ ನಗುತ್ತಿದ್ದಾಳೆ. ಅಬ್ಬಾ, "ನೀ ಮನ್ಯಾಗ ಇರಬೇಕು, ನಿನ್ನ ಮಾತು ನೀನೇ ಹೇಳಬೇಕು" ಅಂದರು.

ಎಂಟು ತಿಂಗಳು ಇದನ್ನೇ ಬೇಡಿಕೊಂಡೆ. ಈಗ ಬಂದಿದೆ. ನನಗೆ ಸಂತೋಷವೇ ಆಗಿರಬೇಕು. ಎದೆ ಬಡಿದುಕೊಳ್ಳುತ್ತಿದೆ, ಯಾವುದಕ್ಕೆ ಎಂದು ತಿಳಿಯುತ್ತಿಲ್ಲ.

ನಾಲ್ಕನೆಯ ಮಾತ್ರೆ ಮರೆಯಬೇಡಿ.

ಶಾಹೀನ

*

ಮಣ್ಣೂರ
11 ಫೆಬ್ರುವರಿ 2025

ಚಿರಂಜೀವಿ ಶಾಹೀನ,

ನಿನ್ನ ಮನೆಯಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ಇಲ್ಲಿ ಆದದ್ದನ್ನು ಬಿಡದೆ ಬರೆಯುತ್ತೇನೆ, ನೀನು ಇಲ್ಲದ್ದು ಒಂದೇ ಕೊರತೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆವು. ಪೇಟಿ ನನ್ನ ತೊಡೆಯ ಮೇಲೆ. ಸುಭದ್ರಾಬಾಯಿ ಹೊಸ ಇಳಕಲ್ಲ ಸೀರೆ ಉಟ್ಟಿದ್ದಳು. ಹಾಲ್ ತುಂಬಿತ್ತು, ಮುನ್ನೂರು ಹೆಣ್ಣುಮಕ್ಕಳು. ಜಸ್ಮೀನ ಬಾಗಿಲಲ್ಲಿ ನಿಂತಿದ್ದರು. ಏನು ಮಾತಾಡಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿದ್ದೆ, ಎಲ್ಲ ಹೋಯಿತು. ಅವರು ನನ್ನನ್ನು ದಾಟಿ ಸುಭದ್ರಾಬಾಯಿಯ ಕೈ ಹಿಡಿದು, "ನಿಮ್ಮನ್ನ ನೋಡೂದು ಭಾಳ ದಿನದಿಂದ ಇತ್ರಿ" ಅಂದರು. ಸುಭದ್ರಾಬಾಯಿ, "ನನಗೂ ಇತ್ತು. ಇಷ್ಟು ಸಣ್ಣಕಿ ಇದ್ದೀರಿ, ಹಾಡಿನ್ಯಾಗ ದೊಡ್ಡಾಕಿ ಇದ್ರಿ" ಅಂದಳು. ಇಬ್ಬರೂ ನಕ್ಕು ಒಳಗೆ ಹೋದರು. ನಾನೂ ಮಸೂದರೂ ಪೇಟಿ ಹೊತ್ತುಕೊಂಡು ಹಿಂದೆ.

ಗಿಡಕ್ಕೆ ನೀರು ಹಾಕುವ ಹಾಡು ಮೊದಲು ಹೇಳಿದೆ. ನನ್ನ ದನಿ ಒಡೆದಿದೆ, ಆದರೆ ಈ ಹಾಡಿಗೆ ಒಡೆದ ದನಿಯೇ ಬೇಕು. "ಗಿಡಕ್ಕ ಬೈತೇನಿ" ಅಂದಾಗ ಹಿಂದಿನಿಂದ ಒಬ್ಬಳು, "ನಾನೂ ಬೈತೇನ್ರಿ" ಅಂದಳು. ಸಭೆ ನಕ್ಕಿತು, ನನಗೆ ಹುರುಪು ಹತ್ತಿತು. ನಾಲ್ಕನೆಯ ಮಾತ್ರೆಗೆ ಮುನ್ನೂರು ಮಂದಿ ಉಸಿರು ಹಿಡಿದರು.

ಆಮೇಲೆ ಜಸ್ಮೀನ ಎದ್ದರು. ಅದೇ ದನಿ ಶಾಹೀನ, ಕೆಳಗೆ ಸ್ವಲ್ಪ ದಪ್ಪವಾಗಿದೆ ಅಷ್ಟೇ. "ಹೋಗಬ್ಯಾಡ ಅಂತ ಒಮ್ಮ್ಯಾರ ಅಂದಿದ್ದೇನು?" ಅಂದು ನಿಲ್ಲಿಸಿದರು. ಅಲ್ಲಿ ನಾನು ಬರೀ ಪೇಟಿ ಬಾರಿಸಬೇಕಿತ್ತು. ನನ್ನ ಬೆರಳು ನಿಂತವು. ಬಾಯಿ ತೆರೆಯಿತು. ರಾಗದಲ್ಲೇ, "ಇಲ್ಲ, ಅನಲಿಲ್ಲ" ಅಂದುಬಿಟ್ಟೆ.

ಹಾಲ್ ಎದ್ದು ನಿಂತಿತು. ಹೊಲಿಗೆ ಕ್ಲಾಸಿನ ಹುಡುಗಿಯರು ಶಿಳ್ಳೆ ಹೊಡೆದರು. ಜಸ್ಮೀನ ಮತ್ತೆ ಕೇಳಿದರು, ನಾನು ಮತ್ತೆ ಹೇಳಿದೆ. ಮೂರು ಸಲ. ಮೂರನೆಯ ಸಲ ಅವರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ, ಮೈಕಿನ ಹತ್ತಿರ ಮಸೂದರು ತೊಡೆ ತಟ್ಟಿ ತಾಳ ಹಾಕುತ್ತಿದ್ದರು.

ಎರಡೂವರೆಯ ಬಸ್ಸಿಗೆ ವಾಪಸಾದೆವು. ಜೇವರ್ಗಿ ದಾಟಿದ ಮೇಲೆ ಸುಭದ್ರಾಬಾಯಿಗೆ, "ನನ್ನ ಜೋಡಿ ಸಂಸಾರ ಮಾಡಿ ನಿನಗ ಸುಖ ಆತೇನು?" ಎಂದು ಕೇಳಿದೆ. ಜೀವಮಾನದಲ್ಲಿ ಮೊದಲ ಸಲ. ಅವಳು ಕಿಟಕಿಯಾಚೆ ಜೋಳದ ಹೊಲ ನೋಡುತ್ತ ಕೂತಳು. "ಈಗ ಕೇಳೀರಿ. ವಿಚಾರ ಮಾಡಿ ಹೇಳ್ತೇನಿ" ಅಂದಳು.

ಇಳಿಯುವ ಮುಂದೆ ಮತ್ತೊಂದು ಮಾತು. "ಆ ಹುಡುಗೀಗಿ ಹೇಳ್ರಿ, ನನಗೊಂದು ಹಾಡ ಬರೀಲಿ. ಅಳೂದು ಇರಬಾರ್ದು."

ಬರೆಯುತ್ತೀಯ?

ನಿನ್ನ ಕಾಕಾ
ಸೂರ್ಯಕಾಂತ

*

ಆಳಂದ
16 ಫೆಬ್ರುವರಿ 2025

ಕಾಕಾ,

ನಿಮ್ಮ ಪತ್ರ ಓದುತ್ತ ನಾನು ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ ನಡೆದೆ. ಈಗ ನನ್ನದು ಕೇಳಿ.

ಅವರು ಹತ್ತೂವರೆಗೆ ಬಂದರು. ಹಫೀಜ, ಅವನ ಅಮ್ಮ, ಮಾಮಾ. ಚಹಾ ಕೊಟ್ಟೆ. ಹಿರಿಯರು ತೊಗರಿಯ ರೇಟು, ಬಿಸಿಲು ಎಲ್ಲ ಮಾತಾಡಿದರು. ನಾನು ಹಫೀಜನನ್ನೇ ನೋಡುತ್ತಿದ್ದೆ. ಕಾಕಾ, ಅವನು ಅವನ ಹಾಗೇ ಇದ್ದ. ಅಂಗಿಯ ಗುಂಡಿ ಹಿಡಿದು ತಿರುಗಿಸುವುದು, ಚಹಾ ಆರಿಸಿ ಕುಡಿಯುವುದು. ಎಂಟು ತಿಂಗಳು ಅವನನ್ನು ಏಳು ಹಾಡಿನಲ್ಲಿ ಬರೆದೆನಲ್ಲ, ಅವನು ಯಾರು? ಆ ಹಾಡಿನವನು ಬೀದಿಯ ದೀಪದ ಕೆಳಗೆ ನಿಂತರೆ ಊರೇ ನೋಡಬೇಕು. ಇವನು ಒಬ್ಬ ಸಾದಾ ಮನುಷ್ಯ, ಕೆಟ್ಟವನೂ ಅಲ್ಲ, ನಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದ.

"ಜೂನ್‌ದಾಗ ನನ್ನ ಫೋನ ಯಾಕ ಎತ್ತಲಿಲ್ಲ?" ಎಂದು ಎಲ್ಲರ ಎದುರಿಗೆ ಕೇಳಿದೆ.

ಅಮ್ಮಿ ಕೈಯಲ್ಲಿದ್ದ ಚಹಾದ ಬಸಿ ಕೆಳಗಿಟ್ಟಳು. ಹಫೀಜ ತನ್ನ ಅಮ್ಮನನ್ನು ನೋಡಿದ. "ಮನ್ಯಾಗ ಮಾತು ನಡದಿತ್ತು. ಎತ್ತಿ ಏನ ಹೇಳೂದಿತ್ತು?" ಅಂದ.

"ಅದನ್ನೇ ಹೇಳಬೇಕಿತ್ತು" ಅಂದೆ.

ಅವನು ಮತ್ತೆ ಗುಂಡಿ ತಿರುಗಿಸಿದ. ನಾನು ನನ್ನ ಎದೆ ಒಡೆಯುವುದನ್ನು ಕಾಯ್ದೆ. ಒಡೆಯಲಿಲ್ಲ. ಗೋಡೆಯ ಗಡಿಯಾರ ನೋಡಿ, ಜೇವರ್ಗಿಯಲ್ಲಿ ಹನ್ನೊಂದಾಯಿತು, ಮೊದಲ ಹಾಡು ಶುರುವಾಗಿರಬೇಕು ಎಂದುಕೊಂಡೆ. ಆಗಲೇ ತಿಳಿಯಿತು ನನ್ನ ಎದೆ ಎಲ್ಲಿ ಬಡಿಯುತ್ತಿದೆ ಎಂದು.

"ನನಗ ಬ್ಯಾಡ್ರಿ" ಎಂದು ಅವನ ಅಮ್ಮನಿಗೆ ಹೇಳಿದೆ.

ಅವರು ಹೋದ ಮೇಲೆ ಅಮ್ಮಿ ಅತ್ತಳು. ಅಬ್ಬಾ ದಾಲ್ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುವವರು, ಮಾತು ಕಡಿಮೆ. ಚಪ್ಪಲಿ ಹಾಕಿಕೊಳ್ಳುತ್ತ, "ಜೇವರ್ಗಿ ಎಷ್ಟೊತ್ತಿನ ದಾರಿ?" ಅಂದರು. "ಮುಟ್ಟೂದ್ರಾಗ ಮುಗಿದಿರ್ತದ ಅಬ್ಬಾ" ಅಂದೆ. "ಮುಗೀಲಿ. ಗಾಡಿ ತೆಗೀತೇನಿ, ಕೂಡು" ಅಂದರು.

ಮೂರಕ್ಕೆ ಮುಟ್ಟಿದೆವು. ನಿಮ್ಮ ಬಸ್ಸು ಹೋಗಿ ಅರ್ಧ ತಾಸು. ಹಾಲಿನಲ್ಲಿ ಕುರ್ಚಿ ಒಂದರ ಮೇಲೊಂದು ಏರಿಸಿದ್ದರು. ಜಸ್ಮೀನ ಖಾಲಾ ನನ್ನನ್ನು ನೋಡಿ, "ಹಾಡಿದವರು ಹೋದರು, ಹಾಡ ಬರೆದಾಕಿ ಈಗ ಬಂದಾಳ" ಎಂದು ಮಸೂದ ಚಾಚಾಗೆ ಮೈಕು ಮತ್ತೆ ಜೋಡಿಸಲು ಹೇಳಿದರು. ನಾನು ಹಾಡುವವಳಲ್ಲ ಎಂದೆ, ಯಾರೂ ಕೇಳಲಿಲ್ಲ. ಅಬ್ಬಾ ಒಂದು ಕುರ್ಚಿ ಇಳಿಸಿಕೊಂಡು ಖಾಲಿ ಹಾಲಿನ ನಡುವೆ ಕೂತರು. ನಾನು ಖಾಲಾನ "ಹೋಗಬ್ಯಾಡ" ಹಾಡನ್ನೇ ಹಾಡಿದೆ. ಶ್ರುತಿ ತಪ್ಪಿತು, ತಾಳ ತಪ್ಪಲಿಲ್ಲ. ಮುಗಿದ ಮೇಲೆ ಅಬ್ಬಾ ಬಹಳ ವಿಚಾರ ಮಾಡಿ, "ಹಾಡ ಚಲೋ ಅದ. ಆದ್ರ ಯಾರರ ಹೋಗಬ್ಯಾಡ ಅಂದಿದ್ರೂ ಆಕಿ ಹೋಗಬೇಕಿದ್ರ ಹೋಗ್ತಾಳ" ಅಂದರು. ಜಸ್ಮೀನ ಖಾಲಾ ಚಪ್ಪಾಳೆ ತಟ್ಟಿದರು.

ಈಗ ಕೆಲಸದ ಮಾತು. ಸುಭದ್ರಾ ಕಾಕಿಯ ಹಾಡು ನಾನು ಬರೆಯುತ್ತೇನೆ. ಈ ಸಲ ಪುಸ್ತಕ ನೋಡುವುದಿಲ್ಲ, ಭಾಷಾಂತರವೂ ಅಲ್ಲ. ಆದರೆ ನನಗೆ ಸಂಗತಿಗಳು ಬೇಕು. ಕಾಕಿಗೆ ಯಾವ ಹೊತ್ತು ಇಷ್ಟ, ಸಣ್ಣವಳಿದ್ದಾಗ ಯಾವ ಆಟ ಆಡುತ್ತಿದ್ದರು, ಯಾರೂ ಇಲ್ಲದಾಗ ಏನು ಗುನುಗುತ್ತಾರೆ, ಎಲ್ಲ ಬರೆದು ಕಳಿಸಿರಿ. ನೀವೇ ಊಹೆ ಮಾಡಿ ಬರೆಯಬೇಡಿ ಕಾಕಾ. ಅವರನ್ನು ಕೇಳಿರಿ.

ನಿಮ್ಮ
ಶಾಹೀನ